ಪಾಠ ವೀಕ್ಷಣೆ, ಎಂಟನೇ ‘ಬಿ’

ಬಿ.ಎಡ್. ಎರಡನೇ ವರ್ಷದ ಜಸಿಂತಾಳ ಹದಿನಾಲ್ಕನೇ ಪಾಠ.
ದಾಸರಹಳ್ಳಿಯ ಸರ್ಕಾರಿ ಶಾಲೆ, ಮೂರನೇ ಪೀರಿಯಡ್ಡು.
ನಾನು ಕೊನೆಯ ಬೆಂಚಿನಲ್ಲಿ, ಮೊಣಕಾಲು ಡೆಸ್ಕಿಗೆ ತಾಗಿಸಿಕೊಂಡು.
ಹಾಳೆಯಲ್ಲಿ ಇಪ್ಪತ್ತೈದು ಅಂಶ, ಒಂದೊಂದಕ್ಕೂ ಐದರೊಳಗೆ ಅಂಕ.

ಸೆರಗಿಗೆ ನಾಲ್ಕು ಪಿನ್ನು ಚುಚ್ಚಿಕೊಂಡು ಬಂದಿದ್ದಾಳೆ,
ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ,
ಚಾರ್ಟಿನ ಸುರುಳಿಯನ್ನು ಡ್ರೈವರಣ್ಣನ ಪಕ್ಕ ನಿಲ್ಲಿಸಿ,
ದಾರಿಯುದ್ದಕ್ಕೂ ಅದರ ಮೇಲೇ ಕಣ್ಣಿಟ್ಟು.

ಘಟಕ: ಶಬ್ದ.
ಕಿಟಕಿಯಾಚೆ ಐದೈದು ನಿಮಿಷಕ್ಕೆ ಮೆಟ್ರೋ.
ಪ್ರತಿ ಸಲವೂ ಮಾತು ನಿಲ್ಲಿಸುತ್ತಾಳೆ,
ಅದು ಜಾಲಹಳ್ಳಿ ಕಡೆ ಹೋದ ಮೇಲೆ
ಬಿಟ್ಟ ಪದದಿಂದಲೇ ಮತ್ತೆ ಹಿಡಿಯುತ್ತಾಳೆ.
ಇದು ನಾನು ಕಲಿಸಿದ್ದಲ್ಲ.

ನಾನು ಕಲಿಸಿದ್ದು: ಪ್ರಶ್ನೆ ಕೇಳಿದ ಮೇಲೆ ಮೂರು ಎಣಿಸು.
ಯಾರೂ ಎಣಿಸುವುದಿಲ್ಲ. ಒಂದಕ್ಕೇ ಹೆದರಿ
ಉತ್ತರ ತಾವೇ ಹೇಳಿ, ‘ಅರ್ಥ ಆಯ್ತಾ’ ಅಂದು,
‘ಆಯ್ತು ಮಿಸ್’ ಎಂಬ ರಾಗದೊಳಗೆ ಅಡಗಿಕೊಳ್ಳುತ್ತಾರೆ.
ನಾನೂ ಆ ರಾಗ ಕೇಳಿಕೊಂಡೇ
ಇಪ್ಪತ್ತಾರು ವರ್ಷ ಸಂಬಳ ಎಣಿಸಿದವಳು.

‘ಶಬ್ದ ಘನವಸ್ತುವಿನಲ್ಲಿ ಹರಿಯುತ್ತಾ?
ನೀವು ಯಾರಾದರೂ ಕೇಳಿದ್ದೀರಾ?’
ಒಂದು. ಎರಡು. ಮೂರು.
ಮುಂದಿನ ಸಾಲಿನ ಕೈಗಳು ಎದ್ದವು, ಎಂದಿನ ಕೈಗಳೇ.
ಅವುಗಳನ್ನು ಕಣ್ಣಲ್ಲೇ ಇಳಿಸಿದಳು.
ನಾಲ್ಕು, ಐದು. ನಾನು ಗಡಿಯಾರ ನೋಡಿಕೊಂಡೆ.
ಒಂಬತ್ತಕ್ಕೆ ನನ್ನ ಪಕ್ಕದ ಹುಡುಗಿ,
ಹಾಜರಿಗೂ ಬರೀ ಕೈ ಎತ್ತಿದವಳು,
ಡೆಸ್ಕು ಹಿಡಿದು ಎದ್ದಳು.

‘ತಗಡಿಗಿ ಕಿವಿ ಹಚ್ಚಿದ್ರ ಬಾಜೂ ಶೆಡ್ಡಿಂದು ಎಲ್ಲಾ ಕೇಳ್ತದ್ರಿ ಟೀಚರ್.
ರಾತ್ರಿ ಬಡಿಯಾದು ಸುದಾ ಕೇಳ್ತದ.’

ತರಗತಿ ನಕ್ಕಿತು, ‘ತಗಡಿಗಿ’ಯ ಆ ಕೊನೆಯ ಇಕಾರಕ್ಕೆ.
ಸಾಬಮ್ಮ. ಯಾದಗಿರಿ ಕಡೆ. ಅಪ್ಪ ಅಮ್ಮ ಇಬ್ಬರೂ ಸೆಂಟ್ರಿಂಗ್.
ಹಾಜರಿ ಪುಸ್ತಕದ ತುದಿಯಲ್ಲಿ ಬೇರೆ ಶಾಯಿಯ ಹೆಸರು.

ಜಸಿಂತಾ ‘ಗುಡ್, ಕೂತ್ಕೋ’ ಅನ್ನಲಿಲ್ಲ.
ಬೋರ್ಡಿನಲ್ಲಿ ‘ಮರ, ಕಬ್ಬಿಣ’ದ ಕೆಳಗೆ ‘ತಗಡು’ ಎಂದು ಬರೆದಳು.
‘ಸರಿಯುತ್ತರ. ಪುಸ್ತಕದಲ್ಲಿ ಇದು ಇಲ್ಲ, ಬರ್ಕೊಳ್ಳಿ.’
ಎರಡನೆಯ ವಾಕ್ಯಕ್ಕೆ ಸೀಮೆಸುಣ್ಣ ಕೆಳಗಿಟ್ಟಳು.
‘ಈಗ ಎಲ್ಲರೂ ಡೆಸ್ಕಿಗೆ ಕಿವಿ ಇಡಿ. ಉಗುರಲ್ಲಿ ಮೆಲ್ಲಗೆ ಕೆರೀರಿ.’

ನಲವತ್ಮೂರು ತಲೆ ಮರದ ಮೇಲೆ.
ನಾನೂ ಇಟ್ಟೆ. ಮರದೊಳಗೆ ಇಲಿಗಳ ಒಂದು ಊರೇ ಎದ್ದಿತ್ತು.
ಯಾರ ಮುಖವೂ ಯಾರಿಗೂ ಕಾಣದ ಆ ಅರ್ಧ ನಿಮಿಷದಲ್ಲಿ
ಚಪ್ಪಲಿ ಸದ್ದು ನಮ್ಮ ಬೆಂಚಿನ ತನಕ ಬಂತು.
ಮರದಿಂದಲೋ ಗಾಳಿಯಿಂದಲೋ, ನನಗೂ ಕೇಳಿತು:
‘ಊಟದ ಹೊತ್ತಿಗೆ ನನ್ನ ಹತ್ರ ಕೂತ್ಕೋತೀಯಾ?
ಬರಲೇಬೇಕು ಅಂತಿಲ್ಲ.’

ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ನನ್ನದೇ ಪತ್ರಿಕೆ.
ಆಲಿಸುವಿಕೆಯ ಹಂತಗಳು, ಹತ್ತು ಅಂಕ, ಪ್ರತಿ ವರ್ಷ ಬರುತ್ತದೆ.
ನಾನು ಅದನ್ನು ಡಿಕ್ಟೇಟ್ ಮಾಡಿಸುತ್ತೇನೆ.

ಊಟದ ಹೊತ್ತು. ಆಟದ ಸಾಮಾನಿನ ಕೋಣೆ.
ವಾಲಿಬಾಲ್ ನೆಟ್ಟಿನ ಮೂಟೆಯ ಮೇಲೆ ಇಬ್ಬರು, ಎರಡು ತಟ್ಟೆ ಅನ್ನ ಸಾರು.
ಬಾಗಿಲು ಅರ್ಧ ತೆಗೆದಿತ್ತು. ಅದನ್ನು ಮಾತ್ರ ನಾನು ಹೇಳಿಕೊಟ್ಟಿದ್ದೆ.
ಬಹಳ ಹೊತ್ತು ಚಿಕ್ಕವಳು ಬರೀ ಕಾಳು ಆರಿಸಿದಳು;
ದೊಡ್ಡವಳು ಏನೂ ಕೇಳಲಿಲ್ಲ, ತಾನೂ ನಿಧಾನವಾಗಿ ಉಂಡಳು.
ಆಮೇಲೆ ಮಾತಿನ ಸದ್ದು ಬಂತು.
ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ ನಾನು
ಗೋಡೆಗೆ ಒರಗಲಿಲ್ಲ.

ಹೊರಬಂದಾಗ ಅವಳ ಒಂದು ಪಿನ್ನು ಬಿದ್ದುಹೋಗಿತ್ತು, ಸೆರಗು ಕೈಯಲ್ಲಿ.
ಒಂದೇ ಉಸಿರಿಗೆ ಎರಡು ಪ್ರಶ್ನೆ:
‘ಮೇಡಂ, ಇದನ್ನ ಮೊದಲು ಯಾರಿಗೆ ಹೇಳಬೇಕು?
ಪುನರಾವರ್ತನೆ ಮಾಡೋಕೆ ಮುಂಚೆ ಬೆಲ್ ಆಯ್ತು, ಮಾರ್ಕ್ಸ್ ಕಟ್ ಆಗುತ್ತಾ?’

ಎರಡನೆಯದಕ್ಕೆ, ಹೌದು ಎಂದೆ. ಎರಡು.
ಮೊದಲನೆಯದನ್ನು ಹಿಡಿದುಕೊಂಡು
ಹೆಡ್‌ಮೇಡಂ ಕೋಣೆಯ ಕಡೆ ನಡೆದೆವು, ಇಬ್ಬರೂ.
ಬಾಗಿಲಲ್ಲಿ, ಬಾಯಿ ತೆರೆಯುವ ಹೊತ್ತಿಗೆ, ಮೆಟ್ರೋ ಬಂತು.
ಅದು ಹೋಗುವ ತನಕ ನಿಂತೆವು.