ಹೊಲಿಗೆಗೆ ಬಂದ ಚೀಲ

ಜೋಡಿ ರಸ್ತೆಯಲ್ಲಿ ನನ್ನದು ಒಂದೂವರೆ ಗಜದ ಅಂಗಡಿ.
ಶಾಲೆ ಚೀಲ, ಮದುವೆ ಸೂಟ್‌ಕೇಸು, ರೇಷ್ಮೆಗೂಡಿನ ಗೋಣಿ,
ನನ್ನ ಸೂಜಿಗೆ ಬಗ್ಗದ್ದು ಚಿಂತಾಮಣಿಯಲ್ಲಿ ಇಲ್ಲ
ಎಂದುಕೊಂಡಿದ್ದೆ.

ಸೋಮವಾರ ರೇಷ್ಮೆ ಇಲಾಖೆಯ ಇಂದ್ರಾಣಿ ಮೇಡಂ
ತಂದಿಟ್ಟರು ಇದನ್ನು:
ಎಂಟು ವರ್ಷದ ಹುಡುಗನ ಎತ್ತರ,
ಒಂದು ಕಾಲಕ್ಕೆ ನೀಲಿ ಇದ್ದಿರಬೇಕು.
"ನೂರುಲ್ಲಾ, ಬೊಲಿವಿಯಾಗೆ ಹೋಗಿ ಬಂದಿದೆ. ನೋಡಿ, ಉಳಿಯುತ್ತಾ?"
ಡಾಕ್ಟರ ಮುಂದೆ ಅಜ್ಜಿಯನ್ನು ಕೂರಿಸಿದ ಹಾಗೆ.

ಹೋದ ವರ್ಷ ಕಂಡಿದ್ದೆ ಇವರನ್ನು, ಬೆಳಗಿನ ಐದೂವರೆಗೆ,
ಇದೇ ಚೀಲಕ್ಕೆ ಹದಿನೈದು ಕೆಜಿ ರಾಗಿ ತುಂಬಿ
ಅಂಬಾಜಿದುರ್ಗ ಹತ್ತುತ್ತಿದ್ದರು.
ಯಾರೋ ಹರಕೆ ಅಂದರು. ಯಾರೋ ಸಕ್ಕರೆ ಕಾಯಿಲೆ ಅಂದರು.

ಬಲಗಡೆಯ ಪಟ್ಟಿ, ಎಳೆದು ಕಿತ್ತದ್ದಲ್ಲ, ಅಗಿದದ್ದು.
"ಇಲಿಯಾ?"
"ಲಾಮಾ."
ಲಾಮಾ ಅಂದರೆ ಬೈಲುಕುಪ್ಪೆಯ ಸನ್ಯಾಸಿಗಳಲ್ಲವಾ ಎಂದೆ.
"ಅದಲ್ಲ. ಒಂಟೆಯ ಚಿಕ್ಕಪ್ಪನ ಮಗ ಅಂದುಕೊಳ್ಳಿ."

ತಳದಲ್ಲಿ ಉದ್ದಕ್ಕೆ ಗೀರು: ಬಸ್ಸಿನ ಟಾಪಿನಿಂದ ಬಿದ್ದದ್ದು.
ರಸ್ತೆಗೆ ಬಂಡೆ ಉರುಳಿಸಿ ಊರವರು ಮುಷ್ಕರ ಕೂತಿದ್ದರಂತೆ,
ಡ್ರೈವರು ಎಂಜಿನ್ ಆರಿಸಿ ಮಲಗಿಬಿಟ್ಟನಂತೆ.
ಹದಿಮೂರು ಕಿಲೋಮೀಟರು, ಉಸಿರು ಸಿಗದ ಎತ್ತರದಲ್ಲಿ
ಹತ್ತು ಹೆಜ್ಜೆ, ನಿಲ್ಲು,
ಹತ್ತು ಹೆಜ್ಜೆ, ವಾಂತಿ.
ಮುಷ್ಕರದವರೇ ಕೊನೆಗೆ ಯಾವುದೋ ಎಲೆ ಕೊಟ್ಟು ಅಗಿ ಅಂದರಂತೆ.
"ನಮ್ಮ ವೀಳ್ಯದೆಲೆ ಮುಂದೆ ಏನೂ ಅಲ್ಲ."

ಜೇಬಿನೊಳಗೆಲ್ಲ ಉಪ್ಪು. ಜಿಪ್ಪಿನ ಹಲ್ಲು ತಿಂದುಹಾಕಿದೆ.
ಸಮುದ್ರವಾ ಎಂದೆ. ಸಮುದ್ರವೇ ಇಲ್ಲದ ದೇಶವಂತೆ;
ಉಪ್ಪಿನದೇ ಬಯಲು, ಅದರ ನಟ್ಟನಡುವೆ ಜೀಪು ಕೆಟ್ಟು
ಒಂದು ರಾತ್ರಿ ಪೂರ್ತಿ, ಆರು ಜನಕ್ಕೆ ಎರಡು ಕಂಬಳಿ.
"ಭಯ ಆಗಲಿಲ್ವಾ?"
"ಆಯ್ತು. ಆಮೇಲೆ ಒಂದಕ್ಕೆ ಇಳಿಯಬೇಕಾಯ್ತು. ತಲೆ ಎತ್ತಿದೆ.
ನೂರುಲ್ಲಾ, ನಕ್ಷತ್ರ ನೋಡಿ ಬಾಯಿಗೆ ಬೈಗುಳ ಬಂತು."
ಯಾವ ಬೈಗುಳ, ಹೇಳಲಿಲ್ಲ.
ತೆಲುಗಿನದೇ ಇರಬೇಕು.

ನಾನು ಹೋದ ಅತಿ ದೂರ ಮದನಪಲ್ಲಿ.
ಅಲ್ಲೂ ಕೊನೇ ಬಸ್ಸು ತಪ್ಪಿ, ಸ್ಟ್ಯಾಂಡಿನಲ್ಲಿ ಮಲಗಿ,
ಎದ್ದರೆ ಚಪ್ಪಲಿ ಇಲ್ಲ.
ಹೇಳಿಬಿಟ್ಟೆ, ಯಾಕೋ. ಅವರು ನಗಲಿಲ್ಲ.
"ಒಂದಾ, ಎರಡೂನಾ?" ಎಂದು ಕೇಳಿದರು,
ಅದೇ ದಾರಿಯಲ್ಲಿ ನಡೆದು ಬಂದವರ ಹಾಗೆ.

ಅಸ್ತರು ಬಿಚ್ಚಿದಾಗ ಉರುಳಿತು ಒಂದು ಕಪ್ಪು ಗುಂಡು.
ನೋಡಲು ಕಲ್ಲು, ಎತ್ತಿದರೆ ತೂಕವೇ ಇಲ್ಲ.
ಆಲೂಗಡ್ಡೆ, ಅಂದರು.
ರಾತ್ರಿ ಹಿಮಕ್ಕಿಟ್ಟು, ಹಗಲು ಬರಿಗಾಲಲ್ಲಿ ತುಳಿದು, ಒಣಗಿಸಿದ್ದು.
ಆಲೂಗಡ್ಡೆ ಹುಟ್ಟಿದ್ದೇ ಆ ಬೆಟ್ಟಗಳಲ್ಲಂತೆ.
ಹದಿನಾರನೇ ವಯಸ್ಸಿಗೇ ಕೋಲ್ಡ್ ಸ್ಟೋರೇಜಿನಲ್ಲಿ
ದಿನಕ್ಕೆ ನೂರು ಮೂಟೆ ಹೊತ್ತವನು ನಾನು.
ಬೆನ್ನ ಮೇಲಿನದು ಪರದೇಶದ್ದು ಎಂದು
ಒಬ್ಬ ಮೇಸ್ತ್ರಿಯೂ ಹೇಳಿರಲಿಲ್ಲ.
"ಇಟ್ಟುಕೊಳ್ಳಿ. ನೀರಲ್ಲಿ ನೆನೆಹಾಕಿ."

ಜಿಪ್ಪು ಹೊಸದು. ತಳಕ್ಕೆ ಲಾರಿಯ ಟಾರ್ಪಾಲು.
ಪಟ್ಟಿಗೆ ಮೂರು ಸುತ್ತು ನೈಲಾನ್ ದಾರ,
ಹಲ್ಲಿನ ಗುರುತು ಮಾತ್ರ ಮುಚ್ಚಬೇಡಿ ಅಂದರು.
ಮುನ್ನೂರೈವತ್ತು ಕೇಳಿದೆ.
ಅಷ್ಟು ದೂರ ಹೋಗಿ ಬಂದವರು
ಚೌಕಾಸಿ ಮಾಡಿ ಮುನ್ನೂರು ಕೊಟ್ಟರು.

ಮಾರನೇ ರಾತ್ರಿ ಮೆಹರಾಜ್ ಅದನ್ನು ಸಾರಿಗೆ ಹಾಕಿದಳು.
ಉಬ್ಬಿತ್ತು. ಹಳೇ ಗೋಣಿಯ ವಾಸನೆ.
ಕೆಟ್ಟಿದೆ ಅಂದಳು. ಮಕ್ಕಳು ಮುಟ್ಟಲಿಲ್ಲ.
ನಾನೊಬ್ಬನೇ ತಿಂದೆ.
ಗಂಟಲಲ್ಲಿ ಸಿಕ್ಕಿ ಒಂದು ಗಳಿಗೆ ಉಸಿರು ನಿಂತಿತು;
ನೀರು ಕುಡಿದೆ, ಹೊರಗೆ ಬಂದೆ, ತಲೆ ಎತ್ತಿದೆ.
ಕರೆಂಟು ಹೋಗಿತ್ತು,
ನಮ್ಮ ಬೀದಿಗೆ ಮಾತ್ರ.