ಪೀಸಿನ ಲೆಕ್ಕ

ಅಕಿ ಹೆಸರು ಮಾರಿಕಾ.
ನಮ್ಮ ಓಣ್ಯಾಗ ಮೂರ ದಿನಕ್ಕ ಮಾರೆಕ್ಕ ಆತು.
ಆಧಾರ್ ಕಾರ್ಡ್ ಇಲ್ಲದಾಕಿ ಹೆಸರು
ತಿದ್ದೋದು ಎಷ್ಟು ಹಗುರ!

ಆನೆಗೊಂದಿ ಅಗಸಿ ದಾಟಿದ್ರ ನಮ್ಮ ಮನಿ.
ಮ್ಯಾಲಿನ ಕೋಣಿ, ತಗಡಿನ ಮಾಡು,
ಬಾಡಿಗಿ ನಾಲ್ಕೂವರಿ ಸಾವಿರ, ಕರೆಂಟು ಬ್ಯಾರೆ.
ಗಂಡ? ಅಂದೆ. ಇಲ್ಲ ಅಂದ್ಳು.
ನೌಕರಿ? ಅಂದೆ. ಅದೂ ಇಲ್ಲ ಅಂದ್ಳು,
ಎರಡಕ್ಕೂ ಒಂದ ನಮೂನಿ ನಕ್ಕು.
ಮತ್ತ ಬಾಡಿಗಿ?

ಚಿತ್ರ ತಗೀತಾಳಂತ,
ಯಾವದೋ ದೇಶದ ಹುಡುಗ್ರ ಪುಸ್ತಕಕ್ಕ.
ಒಂದು ನರಿಗೆ ಇಷ್ಟು, ಒಂದು ಗಿಡಕ್ಕ ಇಷ್ಟು,
ನರಿ ಮಳ್ಯಾಗ ನಿಂತ್ರ ಒಂದೀಟು ಹೆಚ್ಚು.

ಹಂಗಾದ್ರ ನೀನೂ ಪೀಸಿನ ಲೆಕ್ಕದಾಕಿ, ಅಂದೆ.
ನಾ ಬಾಳಿನಾರು ಹೊಸೀತೀನಿ,
ಮಾರಿಗೆ ಇಷ್ಟು ಅಂತ.
ಚೀಲ ಹೆಣದ್ರ ಚೀಲಕ್ಕಿಷ್ಟು, ಹಿಡಿಕಿ ಸೊಟ್ಟಾದ್ರ ವಾಪಸ್.
ನರಿ ಸೊಟ್ಟಾದ್ರೂ ವಾಪಸ್ ಅಂದ್ಳು ಮಾರೆಕ್ಕ,
ಕೈಲೆ ಬಾಲ ಸೊಟ್ಟ ಮಾಡಿ ತೋರಿಸಿ.

ರಾತ್ರಿ ಹನ್ನೊಂದಕ್ಕ ಅಕಿ ಮಾತು ಸುರು.
ಅಲ್ಲಿ ಸಾವ್ಕಾರಗ ಆಗ ಮುಂಜಾನಿ ಚಾದ ಹೊತ್ತಂತ.
ಹಿಂದ ಭತ್ತದ ಗದ್ದಿ, ಗದ್ದಿ ತುಂಬ ಕಪ್ಪಿ ಒದರಾಟ.
ಅದೇನು ಸಪ್ಪಳ, ಮಷೀನಾ? ಅಂತ ಕೇಳಿದ್ನಂತ.
ಹೌದು, ನಮ್ಮ ಆಫೀಸಿನ ಮಂದಿ ಅಂದ್ಳಂತ.

ಶ್ರಾವಣ ಮುಗೀತು. ಅಕಿ ಒಲಿ ಹಚ್ಚಲಿಲ್ಲ.
ಎರಡು ದಿನ ಬರೇ ಬಾಳಿಹಣ್ಣು, ಸಿಪ್ಪಿ ಕಿಟಕ್ಯಾಗ.
ಬಾಡಿಗಿ ಕೇಳಬೇಕಂತ ಮ್ಯಾಲ ಹತ್ತಿದೆ, ಖರೇ ಹೇಳ್ತೀನಿ.
ಬೆರಳು ಎಣಿಸಿ ತೋರಿಸಿದ್ಳು, ಬೆರಳು ಸಾಲಲಿಲ್ಲ,
ಇಪ್ಪತ್ತೆರಡು ಚಿತ್ರ ಹೋಗ್ಯಾವು,
ರೊಕ್ಕ ಬಂದಿಲ್ಲ.

ಹೋಗಿ ಹೊಸ್ತಿಲ ಮ್ಯಾಲ ಕುಂದ್ರು, ಅಂದೆ.
ನಾ ಕುಂತೇನಿ ಹಂಗ, ಗಂಗಾವತ್ಯಾಗ, ಏಜೆಂಟ್ ವಿರುಪಣ್ಣನ ಮನಿ ಮುಂದ,
ಮುಂಜಾನಿ ಆರಕ್ಕ, ಹೆಗಲಿಗೆ ನಾರಿನ ಸಿಂಬಿ.
ಅವನ ಹೇಣ್ತಿ ರಂಗೋಲಿ ಹಾಕಾಕ ಬಂದ್ಳು, ಏಳಲಿಲ್ಲ.
ಚಾ ಕೊಟ್ರು, ಮುಟ್ಟಲಿಲ್ಲ.
ಕುಡದ್ರ ಮುಗೀತು, ಬೀಗರಾದಂಗ.
ಹತ್ತರೊಳಗ ಎಲ್ಲಾ ರೊಕ್ಕ ಎಣಿಸಿದ.
(ಎಲ್ಲಾ ಅಲ್ಲ. ಅಕಿಗೆ ಹಂಗ ಹೇಳಿದೆ.)

ಅಕಿ ಸುಮ್ನ ಕೇಳಿ, ಕೇಳಿದ್ಳು:
ಹೊಸ್ತಿಲು ಸಮುದ್ರದಾಚಿಗೆ ಇದ್ರ?

ನನ್ನ ಕಡಿ ಇದಕ್ಕ ಉತ್ತರ ಇರಲಿಲ್ಲ.
ಕೆಳಗಿಳಿದು ನಾಲ್ಕು ರೊಟ್ಟಿ ಬಡದೆ,
ಪುಂಡಿಪಲ್ಯದ ಜೋಡಿ ಮ್ಯಾಲ ಕಳಿಸಿದೆ.

ಆ ರಾತ್ರಿ ಯಾರೂ ಹೇಳದ ಒಂದು ಚಿತ್ರ ತಗದ್ಳು:
ಎತ್ತರದ ಗಾಜಿನ ಕಟ್ಟಡ, ಅದರ ಹೊಸ್ತಿಲಿಗೆ ಒಂದು ನರಿ,
ಹೆಗಲಿಗೆ ಸಿಂಬಿ, ದವಡ್ಯಾಗ ಎಲಿ ಅಡಕಿ,
ಮುಂದ ಆರಿದ ಚಾ.
ನರಿ ಯಾರಂತ ನಾ ಕೇಳಲಿಲ್ಲ.
ಕುಂತ ರೀತಿ ನೋಡಿದ್ರ ಗೊತ್ತಾಗತೈತಿ.

ಒಂಬತ್ತು ದಿನಕ್ಕ ಅರ್ಧ ಬಂತು.
ಬಾಡಿಗಿ ಕೊಟ್ಳು, ಗ್ಯಾಸ್ ತಂದ್ಳು, ನನಗೊಂದು ಡಬ್ಬಿ ಝಂಡು ಬಾಮ್.
ಉಳಿದರ್ಧಕ್ಕ
ನರಿ ಇನ್ನೂ ಅಲ್ಲೇ ಕುಂತೈತಿ.

ನಳದ ಮುಂದ ಕೇಳ್ತಾರ:
ಅಷ್ಟು ದೂರ ಒಬ್ಬಾಕಿನ, ಅಂಜಿಕಿ ಬರಂಗಿಲ್ಲೇನ ಅಕಿಗೆ?
ನಾನೂ ಕೇಳೇನಿ.
ಬರತೈತಿ, ನಸಿಕಿನ್ಯಾಗ ನಾಲ್ಕಕ್ಕ, ಅಂದ್ಳು.
ನನ್ನದೂ ಅದ ಹೊತ್ತು. ಹೇಳಲಿಲ್ಲ.
ಇಪ್ಪತ್ತಾರು ವರ್ಷಾತು ನಾ ಈ ಊರಿಗೆ ಬಂದು,
ಇವತ್ತಿಗೂ ನಳದ ಮುಂದ ನಾ
'ಕುಷ್ಟಗಿಯಾಕಿ'.

ನಿನ್ನೆ ರಾತ್ರಿ ಪಟ್ಟನ ಕತ್ತಲಾತು.
ಮ್ಯಾಲಿಂದ ದನಿ: ಹುಲಿಗೆವ್ವಾ, ಹೋತು!
ಹೋತು ಅಂದ್ಳು, ತಪ್ಪಿಲ್ಲದ.
ಬರತೈತಿ ಬಿಡು, ಅಂದೆ.
ಕಪ್ಪಿ ಒದರೇ ಒದರಿದ್ವು.
ನಾರು ಇನ್ನೂ ಹಸಿ ಇತ್ತು,
ಒಣಗೋದ್ರಾಗ ಎರಡು ಮಾರು ಹೊಸೀಬೇಕಿತ್ತು.