ಬೀಗದ ಲೋಲಕ

ರಾತ್ರಿ ಎಂಟೂಕಾಲಿಗೆ ಫೋನು ಟಣ್ಣೆನ್ನುತ್ತದೆ:
"ಸರಳ ಲೋಲಕದ ರೀಡಿಂಗ್ ಯಾರಾದರೂ ಕೊಡಿ,
ಅರ್ಜೆಂಟ್, ನಾಳೆ ರೆಕಾರ್ಡ್ ಒಪ್ಪಿಸಬೇಕು.
ಉತ್ತರ ಒಂಬತ್ತು ಪಾಯಿಂಟ್ ಎಂಟು ಬಂದರೆ ಸಾಕು."
ಕೆಳಗೆ ಮುಗಿದ ಹಳದಿ ಕೈಗಳು, ಮೂರು ಜೊತೆ.

ಈ ಹೊತ್ತಿಗೆ ಇಂಥವು ಹತ್ತಾರು.
ಒಬ್ಬನಿಗೆ ಈರುಳ್ಳಿ ಸಿಪ್ಪೆಯ ಕೋಶದ ಚಿತ್ರ ಬೇಕು,
ಒಬ್ಬಳಿಗೆ ಸಮೀಕರಣ ಸರಿದೂಗಬೇಕು,
ಇನ್ನೊಬ್ಬ ಇಡೀ ಪ್ರಶ್ನೆಪತ್ರಿಕೆಯ ಫೋಟೊ ಹಾಕಿ
"ಎಲ್ಲ" ಎಂದಷ್ಟೇ ಬರೆದು ಮಲಗಿಬಿಟ್ಟಿದ್ದಾನೆ.
ಎಲ್ಲರೂ ನನ್ನನ್ನು ಸಾರ್ ಅನ್ನುತ್ತಾರೆ.

ನಾನು ದೂಮಪ್ಪ. ಮೂವತ್ತೊಂದು ವರ್ಷ
ಕಾಲೇಜಿನ ಲ್ಯಾಬಿನಲ್ಲಿ ಬೀಕರ್ ತೊಳೆದವನು.
"ದೂಮಪ್ಪಾ, ಸ್ಟಾಪ್‌ವಾಚ್!" "ದೂಮಪ್ಪಾ, ದಾರ ತುಂಡಾಯ್ತು!"
ಗುಂಡು, ದಾರ, ಸೀಳಿದ ಬೆಂಡು, ಸ್ಟ್ಯಾಂಡು
ಬೆಳಿಗ್ಗೆ ನಾನೇ ಹೊಂದಿಸಿಡುತ್ತಿದ್ದೆ;
ಸಂಜೆ ಮಕ್ಕಳು ಬಿಟ್ಟುಹೋದ ರಫ್ ಹಾಳೆ ಗುಡಿಸುವಾಗ
ಎಲ್ಲರದೂ ಒಂಬತ್ತು ಪಾಯಿಂಟ್ ಎಂಟು.
ದಾರ ತುಂಡಾದ ದಿನವೂ
ಒಂಬತ್ತು ಪಾಯಿಂಟ್ ಎಂಟೇ.

ಅವಳಿಗೂ ಕೊಡಬಹುದಿತ್ತು. ನನಗೆ ಬಾಯಿಪಾಠ ಉಂಟು:
ನೂರು ಸೆಂಟಿಮೀಟರಿಗೆ, ಇಪ್ಪತ್ತು ಆಂದೋಲನಕ್ಕೆ
ನಲವತ್ತು ಸೆಕೆಂಡು ಮತ್ತು ಚಿಲ್ಲರೆ.
ಕೊಡಲಿಲ್ಲ. ಕೇಳಿದೆ: ನಿನ್ನ ಹತ್ತಿರ ದಾರ ಉಂಟಾ?

ಹೆಸರು ನುಸೈಬಾ. ತೋಟಬೆಂಗ್ರೆ.
ಅವಳ ಬ್ಯಾಚಿನ ದಿನ ಗಾಳಿ ಜೋರಾಗಿ
ಕಡವಿನ ದೋಣಿ ಬಿಡಲಿಲ್ಲವಂತೆ.
ನಾನಿರುವುದು ಬೋಳೂರಿನಲ್ಲಿ. ಅಡುಗೆಕೋಣೆಯ ಕಿಟಕಿಯಿಂದ
ಹೊಳೆಯಾಚೆ ಅವರ ದೀಪಗಳು ಕಾಣುತ್ತವೆ.
ಹೇಳಲಿಲ್ಲ.

"ದಾರ ಉಂಟು ಸಾರ್, ಬಲೆಯದ್ದು. ಗುಂಡಿಲ್ಲ."
ಎಂತದಾದರೂ ಭಾರದ್ದು ಕಟ್ಟು.
"ಬಾಪನ ಗೂಡಂಗಡಿಯ ಬೀಗ ಆಗ್ತದಾ?
ಹತ್ತು ಗಂಟೆವರೆಗೆ ಅದಕ್ಕೆ ಕೆಲಸ ಇಲ್ಲ."

ಆಮೇಲೆ ಸದ್ದಿಲ್ಲ.
ಗಂಜಿ ಉಂಡೆ. ತಾಳದೆ ಬರೆದೆ: ಆಯ್ತಾ?
"ಸಾರ್, ದಯವಿಟ್ಟು ಮೆಸೇಜ್ ಮಾಡಬೇಡಿ.
ವಾಚೂ ಇದೇ, ಫೋನೂ ಇದೇ. ಹದಿನೇಳಕ್ಕೆ ಬಂದಿದ್ದೆ,
ಟಣ್ ಅಂತು, ಎಣಿಕೆ ತಪ್ಪಿತು."
ತಟ್ಟೆ ಮುಂದಿಟ್ಟುಕೊಂಡು ಕೈ ತೊಳೆಯದೆ ಕೂತೆ.
ಆಚೆ ದಡದಲ್ಲಿ ಯಾವುದೋ ಜಂತಿಗೆ ಕಟ್ಟಿದ ಬೀಗ
ಹೋಗುತ್ತಿದೆ, ಬರುತ್ತಿದೆ;
ನಾನೂ ಎಣಿಸಿದೆ,
ಏನನ್ನು ಎಂದು ಗೊತ್ತಿಲ್ಲದೆ.

ಒಂಬತ್ತೂವರೆಗೆ ಬಂತು.
ಮೂರು ಸಲ ಎಣಿಸಿದಳಂತೆ. ಸರಾಸರಿ
ನಲವತ್ತು ಪಾಯಿಂಟ್ ಒಂಬತ್ತು.
"ಲೆಕ್ಕ ಮಾಡಿದೆ ಸಾರ್. ಒಂಬತ್ತು ಪಾಯಿಂಟ್ ನಾಲ್ಕು ನಾಲ್ಕು.
ತಪ್ಪಾಯ್ತು."

ಮೂವತ್ತೊಂದು ವರ್ಷದಲ್ಲಿ ನಾನು ಕಂಡ
ಮೊದಲನೇ ನಿಜವಾದ ತಪ್ಪು.
ಬ್ಯೂರೆಟ್ ಒಡೆದ ದಿನವೂ ಕೈ ಹೀಗೆ ನಡುಗಿರಲಿಲ್ಲ.
ಫೋಟೊ ಕಳಿಸು ಎಂದೆ. ಕಳಿಸಿದಳು.
ದರ್ಜಿಯ ಟೇಪು ದಾರ ಮುಗಿದಲ್ಲಿಗೇ ನಿಂತಿತ್ತು,
ಬೀಗದ ಕೊಕ್ಕೆಯ ಹತ್ತಿರ.
ಅಲ್ಲಿಗಲ್ಲ ಮಾರಾಯ್ತಿ, ಬೀಗದ ಹೊಟ್ಟೆಯ ನಡುವಿಗೆ ಹಿಡಿ.
ಭಾರ ಎಲ್ಲಿ ಕೂತಿದೆಯೋ ಅಲ್ಲಿಯವರೆಗೆ ಉದ್ದ.
"ನಾಲ್ಕು ಸೆಂಟಿಮೀಟರ್ ಜಾಸ್ತಿ ಬಂತು ಸಾರ್."
ಮತ್ತೆ ಲೆಕ್ಕ.
ಒಂಬತ್ತು ಪಾಯಿಂಟ್ ಎಂಟು ಎರಡು.

ಸ್ವಲ್ಪ ಹೊತ್ತು ಅವಳು ಏನೂ ಬರೆಯಲಿಲ್ಲ.
ಆಮೇಲೆ: "ಹಳೆಯದ್ದಕ್ಕೆ ವೈಟ್ನರ್ ಹಾಕಲಾ?"
ಬೇಡ. ಒಂದೇ ಗೆರೆ ಎಳೆ.
ಅಡಿಯಲ್ಲಿರುವುದು ಓದಲಿಕ್ಕೆ ಸಿಗಬೇಕು.
"ನೀವು ಯಾವ ಕಾಲೇಜಿನ ಲೆಕ್ಚರರ್ ಸಾರ್?"

ಬರೆದೆ. ಅಳಿಸಿದೆ. ಈ ಫೋನಿನಲ್ಲಿ
ಒಂದೇ ಗೆರೆ ಎಳೆಯುವುದು ಹೇಗೆಂದು ನನಗೆ ಬಾರದು.
ಲೆಕ್ಚರರ್ ಅಲ್ಲ ಮಗಾ, ಎಂದು ಶುರುಮಾಡುವಷ್ಟರಲ್ಲಿ
"ಸಾರ್ ಹೋಗ್ತೇನೆ, ಬಾಪ ಕೂಗ್ತಿದ್ದಾರೆ,
ಅಂಗಡಿ ಬಂದ್ ಮಾಡ್ಬೇಕಂತೆ,
ಬೀಗ ಕೇಳ್ತಿದ್ದಾರೆ."